ಮೂರನೇ ಏಟಿನ ಕಾರಣ

ನಮ್ಮ ದಫೇದಾರರು ತೀರಿಕೊಂಡ ಸುದ್ದಿಯನ್ನು ನನಗೆ ಹೇಳಿದವನು ಪಿರಿಯಾಪಟ್ಟಣದ ಬಸ್‌ಸ್ಟ್ಯಾಂಡಿನಲ್ಲಿ ನಿಂತಿದ್ದ ಬಸ್ಸಿನ ಕಂಡಕ್ಟರ್. ಬೆರಳಿಗೆ ಎಂಜಲು ಹಚ್ಚಿ ಟಿಕೆಟ್ ಹರಿಯುತ್ತಲೇ, "ನಿಮ್ ಹಳೇ ದಫೇದಾರ್ರು ಓಗ್ಬುಟ್ರಂತಲ್ಲ ಸಾರ್, ಓದ್ ಸೋಮ್ವಾರ," ಅಂದ. ಅಯ್ಯೋ ಪಾಪ ಅನ್ನಬೇಕಿತ್ತು. ಏನಾಗಿತ್ತು, ಎಷ್ಟು ವಯಸ್ಸಾಗಿತ್ತು ಎಂದು ಕೇಳಬೇಕಿತ್ತು. ನನ್ನ ಬಾಯಿಂದ ಬಂದದ್ದು, "ಆ ಪುಸ್ತಕ ಏನಾಯ್ತಂತೆ?" ಕಂಡಕ್ಟರ್ ನನ್ನ ಮುಖವನ್ನೇ ಒಂದು ಗಳಿಗೆ ನೋಡಿದ. ಪೊಲೀಸರಿಗೆ ಕೆಲಸ ಜಾಸ್ತಿಯಾದರೆ ಹೀಗೇ ಆಗುತ್ತದೆ ಅಂದುಕೊಂಡನೋ ಏನೋ, ಮುಂದಿನ ಸೀಟಿಗೆ ಹೋದ.

ಪುಸ್ತಕದ ಕಥೆ ಹೇಳುವುದಕ್ಕೆ ಮೊದಲು ಮನುಷ್ಯನ ಕಥೆ ಹೇಳಬೇಕು. ಅರವತ್ತರ ದಶಕದ ಕೊನೆಯಲ್ಲಿ ನಾನು ಎಚ್.ಡಿ. ಕೋಟೆ ಕಡೆಯ ಒಂದು ಹೊರಠಾಣೆಗೆ ಹೊಸ ಪೇದೆಯಾಗಿ ಹೋದೆ. ಊರಿನ ಹೆಸರು ಹೇಳುವುದಿಲ್ಲ. ಹೇಳಿದರೆ ಅಲ್ಲಿಯವರು ಇವತ್ತಿಗೂ ನನ್ನ ನಿಕ್ಕರಿನ ವಿಷಯ ತೆಗೆಯುತ್ತಾರೆ. ಎರಡು ಕೋಣೆಯ ಹೆಂಚಿನ ಕಟ್ಟಡ, ಮುಂದೆ ಒಂದು ಹುಣಸೇಮರ, ಮರದಡಿ ಒಂದು ಕಲ್ಲುಬೆಂಚು. ಒಳಗೆ ಮೂವರು ಪೇದೆಗಳು ಮತ್ತು ನಮ್ಮೆಲ್ಲರ ತಲೆಯ ಮೇಲೆ ದಫೇದಾರರು. ತಲೆಯ ಮೇಲೆ ಅಂದರೆ ನಿಜವಾಗಿಯೂ ತಲೆಯ ಮೇಲೆಯೇ. ಆ ಠಾಣೆಯ ಬಾಗಿಲನ್ನು ಅವರು ಒಂದು ದಿನವೂ ನೆಟ್ಟಗೆ ನಿಂತು ದಾಟಿದವರಲ್ಲ.

ಹುಟ್ಟೂರು ಸಾಲಿಗ್ರಾಮದ ಪಕ್ಕದ ಹಳ್ಳಿ. ಚಿಕ್ಕಂದಿನಲ್ಲಿ ಗರಡಿಯಲ್ಲಿ ಮಣ್ಣು ಹೊತ್ತ ಮೈ. ಒಂದೊಂದು ಅಂಗೈಯೂ ರೊಟ್ಟಿ ಬೇಯಿಸುವ ಹೆಂಚಿನಷ್ಟಗಲ. ಮೀಸೆಗೆ ದಿನಾ ಹರಳೆಣ್ಣೆ. ಮೊದಲ ಸಲ ನೋಡಿದವರು ಮಾಡದ ತಪ್ಪನ್ನೂ ಒಪ್ಪಿಕೊಂಡುಬಿಡುವಂಥ ಆಕಾರ. ಒಮ್ಮೆ ಅಂತರಸಂತೆಯಿಂದ ಒಬ್ಬ ರೈತ ಕಳೆದುಹೋದ ಎಮ್ಮೆಯ ದೂರು ಕೊಡಲು ಬಂದವನು, ಇವರು ಬಾಗಿಲಲ್ಲಿ ಬಗ್ಗಿ ಹೊರಬಂದದ್ದನ್ನು ಕಂಡು, "ಎಮ್ಮೆ ನಂದಲ್ಲ ಬುದ್ಧಿ, ತಪ್ಪಾಯ್ತು," ಎಂದು ಕೈಮುಗಿದು ಹೊರಟೇಬಿಟ್ಟಿದ್ದ. ಎಮ್ಮೆ ಅವನದೇ. ಅವನನ್ನು ವಾಪಸು ಕರೆದು ಕೂರಿಸಿ ದೂರು ಬರೆಸಿಕೊಳ್ಳುವಷ್ಟರಲ್ಲಿ ನಮಗೆ ಸಾಕುಸಾಕಾಯಿತು.

ಇಷ್ಟೆಲ್ಲ ಇದ್ದೂ ಆ ಮನುಷ್ಯ ಯಾರಿಗೂ ಒಂದು ಏಟು ಹಾಕಿದ್ದನ್ನು ನಾನು ಕಂಡಿಲ್ಲ. ಸಾಧುಸಂತರೇನಲ್ಲ. ಚೌಕಾಬಾರದಲ್ಲಿ ಎದುರಿಗೇ ಕಾಯಿ ಸರಿಸುತ್ತಿದ್ದರು. ಮಧ್ಯಾಹ್ನದ ಗೊರಕೆಗೆ ಹುಣಸೇಮರದ ಕಾಗೆಗಳು ಬೇರೆ ಮರ ನೋಡಿಕೊಳ್ಳುತ್ತಿದ್ದವು. ಕೋಪವೂ ಬರುತ್ತಿತ್ತು, ಚೆನ್ನಾಗಿಯೇ ಬರುತ್ತಿತ್ತು. ಬಂದಾಗ ಎರಡೂ ಕೈಗಳನ್ನು ಬೆನ್ನ ಹಿಂದೆ ಒಯ್ದು, ಒಂದರಿಂದ ಇನ್ನೊಂದನ್ನು ಬಿಗಿಯಾಗಿ ಹಿಡಿದು ನಿಲ್ಲುತ್ತಿದ್ದರು. ಅವರು ಹಾಗೆ ನಿಂತರೆ ನಾವು ಪೇದೆಗಳು ಮೆಲ್ಲಗೆ ಹೊರಗೆ ಹೋಗಿ ಬೆಂಚಿನ ಮೇಲೆ ಕೂರುತ್ತಿದ್ದೆವು.

ಅವರ ಹತ್ತಿರ ರಟ್ಟು ಕಿತ್ತುಹೋದ ಒಂದು ಕಾಯಿದೆ ಪುಸ್ತಕವಿತ್ತು, ಕ್ರಿಮಿನಲ್ ಪ್ರೊಸೀಜರ್ ಕೋಡು. ಇಂಗ್ಲಿಷು ಅಷ್ಟಕ್ಕಷ್ಟೆ. ಹುಣಸೂರಿನಲ್ಲಿದ್ದಾಗ ಒಬ್ಬ ಮುದಿ ವಕೀಲರ ಜಗಲಿಯಲ್ಲಿ ಭಾನುವಾರವೆಲ್ಲ ಕೂತು, ಒಂದೊಂದು ಸೆಕ್ಷನ್ನನ್ನೂ ನಮ್ಮ ಕಡೆಯ ಕನ್ನಡಕ್ಕೆ ಇಳಿಸಿಕೊಂಡು ಬಾಯಿಪಾಠ ಮಾಡಿದ್ದರು. ಹೊಸದಾಗಿ ಬಂದ ಪೇದೆಗೆ ಮೊದಲ ದಿನವೇ ಉಪದೇಶ.

"ಕೇಳ್ಕೊ ಮರಿ. ಒಬ್ಬನ್ನ ಅರೆಸ್ಟ್ ಮಾಡಕ್ಕೆ ಮೈ ಮುಟ್ಟಿದ್ರೆ ಸಾಕು. ಬತ್ತೀನಿ ನಡೀರಿ ಅಂತ ಅವನೇ ಅಂದ್ರೆ ಮುಟ್ಟೋದೂ ಬ್ಯಾಡ. ಮುಟ್ಟುಸ್ಕೊಳಲ್ಲ ಅಂತ ಎಗರಾಡ್ದ ಅನ್ಕೊ, ಆಗ ಬಲ. ಎಷ್ಟು? ಎಗರಾಟ ನಿಲ್ಲೋಗಂಟ. ನಿಲ್ತಲ್ಲ, ಆಮ್ಯಾಕೆ ನಿನ್ ಕೈ ನಿನ್ ಜೇಬಲ್ಲಿ."

"ನಿಕ್ಕರ್ ಜೇಬು ತೂತಾಗೈತೆ ಸಾರ್," ಎಂದೆ ನಾನು.

"ಒಲಿಸ್ಕೊ. ಅದೂ ಡ್ಯೂಟಿನೇ."

ಹಿಡಿದವನನ್ನು, ಓಡಿಹೋಗದಂತೆ ತಡೆಯಲು ಬೇಕಾದ್ದಕ್ಕಿಂತ ಒಂದು ಗಂಟು ಕೂಡ ಹೆಚ್ಚು ಕಟ್ಟಬಾರದು ಎನ್ನುವುದು ಅವರ ಇನ್ನೊಂದು ಮೆಚ್ಚಿನ ಸೆಕ್ಷನ್ನು. ಸರಗೂರಿನ ಕಡೆಯ ಒಬ್ಬ ಮುದುಕ ಕೋಳಿ ಕದ್ದು ಸಿಕ್ಕಿಬಿದ್ದಾಗ ನಾನು ಹುಮ್ಮಸ್ಸಿನಿಂದ ಕೈಕೋಳ ತಂದೆ. ದಫೇದಾರರು ಮುದುಕನನ್ನು ಕೇಳಿದರು, "ಓಡ್ತೀಯಾ?" ಮುದುಕ ಯೋಚನೆ ಮಾಡಿ, "ಮಂಡಿ ನೋವು ಬುದ್ಧಿ, ಆಗಾಕಿಲ್ಲ," ಎಂದ. "ಕೋಳ ಒಳಗಿಡು," ಎಂದರು ನನಗೆ. ಕೋಟೆಯ ಕೋರ್ಟಿಗೆ ಮೂವರೂ ಬಸ್ಸಿನಲ್ಲಿ ಹೋದೆವು. ಇಳಿದ ಮೇಲೆ ಬಿಸಿಲು ಜೋರಾಗಿತ್ತು. ದಫೇದಾರರ ಛತ್ರಿಯನ್ನು ಮುದುಕನೇ ಹಿಡಿದಿದ್ದ, ಅದು ಇಬ್ಬರ ತಲೆಗೂ ಆಗುವಷ್ಟು ದೊಡ್ಡದಿತ್ತು. ನಾನು ಹಿಂದೆ ಬಿಸಿಲಿನಲ್ಲಿ ಖಾಲಿ ಕೋಳ ಹೊತ್ತು ನಡೆದೆ. ನೋಡಿದವರು ಕಳ್ಳ ಯಾರೆಂದು ನನ್ನನ್ನೇ ದಿಟ್ಟಿಸಿದರು.

ಈಗ ನಾನು ಕಂಡಕ್ಟರನ್ನು ಕೇಳಿದ ಆ ಪುಸ್ತಕ. ಠಾಣೆಯ ಗೋಡೆಗೆ ನಾಲ್ಕು ಗೂಟ, ನಾಲ್ಕು ಲಾಠಿ. ಕೆಳಗೆ ಒಂದು ಮೇಜು, ಮೇಜಿನ ಮೇಲೆ ಉದ್ದನೆಯ ಒಂದು ನೋಟ್‌ಬುಕ್ಕು, ಅದಕ್ಕೆ ದಾರ ಕಟ್ಟಿದ ಪೆನ್ಸಿಲ್. ಸರ್ಕಾರದ ಡೈರಿ ಬೇರೆಯೇ ಇತ್ತು. ಇದು ದಫೇದಾರರ ಸ್ವಂತದ್ದು, ಯಾವ ಠಾಣೆಗೆ ವರ್ಗವಾದರೂ ಟ್ರಂಕಿನಲ್ಲಿ ಹೊತ್ತು ತರುತ್ತಿದ್ದರು. ಲಾಠಿ ಬೀಸಿ ಬಂದವನು ಅದನ್ನು ಗೂಟಕ್ಕೆ ಹಾಕುವ ಮುನ್ನ ಇದರಲ್ಲಿ ಬರೆಯಬೇಕು. ಒಂದು ಏಟಿಗೆ ಒಂದು ಸಾಲು. ಎಲ್ಲಿಗೆ ಬಿತ್ತು, ಯಾಕೆ ಬಿತ್ತು, ಅದಿಲ್ಲದೆ ಆಗುತ್ತಿರಲಿಲ್ಲವೆ. ಎರಡು ಏಟು ಹಾಕಿ ಬಂದರೆ ಅರ್ಧ ಗಂಟೆ ಪೆನ್ಸಿಲ್ ಕಚ್ಚಿಕೊಂಡು ಕೂರಬೇಕು. ಬರೆದದ್ದು ಅವರಿಗೆ ಒಪ್ಪಿಗೆಯಾಗದಿದ್ದರೆ ಮತ್ತೆ ಬರೆಯಬೇಕು. ನಮ್ಮ ಠಾಣೆಯಲ್ಲಿ ಅಹಿಂಸೆ ನೆಲೆಗೊಂಡದ್ದು ಸೋಮಾರಿತನದಿಂದ, ಬೇರೆ ಯಾವ ದೊಡ್ಡ ಗುಣದಿಂದಲೂ ಅಲ್ಲ.

ಆ ಪುಸ್ತಕದ ಮೊದಲ ಹಾಳೆ ರಟ್ಟಿಗೆ ಅಂಟಿಹೋಗಿತ್ತು. ನಾನು ಉಗುರಿನಿಂದ ಬಿಡಿಸಲು ಹೋದೆ. "ಅದು ಅಂಟ್ಕೊಂಡೈತೆ, ಬುಡು. ಎರಡನೇದ್ರಿಂದ ನೋಡು," ಎಂದರು. ನಾನೂ ಬಿಟ್ಟೆ.

ಅವರು ತಮಗೂ ವಿನಾಯಿತಿ ಕೊಟ್ಟುಕೊಳ್ಳುತ್ತಿರಲಿಲ್ಲ. ಒಂದು ಸಂತೆಯ ದಿನ ಕುಡಿದು ಬಸ್ಸಿಗೆ ಅಡ್ಡ ಮಲಗಿದ್ದ ಒಬ್ಬನನ್ನು ಮೂಟೆಯಂತೆ ಹೆಗಲಿಗೆ ಹಾಕಿಕೊಂಡು ಠಾಣೆಗೆ ತಂದರು. ಇದು ಹೊಡೆತವಲ್ಲವಲ್ಲ ಎಂದರೆ, "ಎತ್ತೋದೂ ಬಲನೇ ಕಣಪ್ಪ, ಬರಿ," ಎಂದು ಹೇಳಿ ಬರೆಸಿದರು. ಆ ಸಾಲುಗಳು ನನಗೆ ಈಗಲೂ ಬಾಯಿಗೆ ಬರುತ್ತವೆ. ಬಲ: ಎತ್ತಿದ್ದು. ಎಲ್ಲಿಂದ ಎಲ್ಲಿಗೆ: ಬಸ್ಸಿನ ಮುಂದಿನ ಚಕ್ರದಿಂದ ಠಾಣೆಯ ಬೆಂಚಿಗೆ. ಕಾರಣ: ಆಸಾಮಿ ತಾನಾಗಿ ಏಳಲೊಲ್ಲ. ಗಾಯ: ದಫೇದಾರರ ಬಲ ಹೆಗಲಿಗೆ, ಆಸಾಮಿ ಕಚ್ಚಿದ್ದು.

ಗುಂಪು ಚದುರಿಸುವ ವಿಷಯದಲ್ಲಂತೂ ಅವರ ಕ್ರಮ ಅವರದೇ. ಒಮ್ಮೆ ಸೀಮೆಎಣ್ಣೆ ಬರಲಿಲ್ಲವೆಂದು ಜನ ಡಿಪೋ ಮುಂದೆ ಸೇರಿ, ಕಲ್ಲು ಕೈಗೆತ್ತಿಕೊಂಡಿದ್ದರು. ಗುಂಪು ಚದುರಿಸಿ ಎಂದು ಮೇಲಿನಿಂದ ಹೇಳಿಕಳಿಸಿದರು. ಕಾಯಿದೆಯ ಪ್ರಕಾರ ಮೊದಲು ಚದುರಿ ಎಂದು ಹೇಳಬೇಕು, ಹೇಳಿದ್ದು ಕೇಳದಿದ್ದರೆ ಮಾತ್ರ ಬಲ. ಹೇಳಿದ ಮೇಲೆ ಎಷ್ಟು ಹೊತ್ತು ಕಾಯಬೇಕೆಂದು ದಫೇದಾರರ ಕಾಯಿದೆ ಪುಸ್ತಕದಲ್ಲಿ ಇರಲಿಲ್ಲ. ಅವರೇ ತೀರ್ಮಾನ ಮಾಡಿಕೊಂಡಿದ್ದರು, ಒಂದು ಬೀಡಿ ಮುಗಿಯುವಷ್ಟು. ಅವರು ಬೀಡಿ ಸೇದುವವರಲ್ಲ. ಗುಂಪಿನಲ್ಲಿ ಎಲ್ಲರಿಗಿಂತ ಜೋರಾಗಿ ಕೂಗುತ್ತಿದ್ದವನ ಹತ್ತಿರವೇ ಕೈಚಾಚಿ ಒಂದು ಬೀಡಿ ಇಸಿದುಕೊಂಡರು.

"ಕೇಳ್ರಪ್ಪೋ! ಈಗ ಎಲ್ರೂ ಓಗ್ಬೇಕು. ಈ ಬೀಡಿ ಮುಗ್ಯೋಗಂಟ ಟೈಮು. ಮುಗುದ್ಮ್ಯಾಲೆ ಲಾಠಿ. ಆಮ್ಯಾಕೆ ಹೇಳ್ಲಿಲ್ಲ ಅನ್ನಂಗಿಲ್ಲ."

ಒಂದು ದಮ್ಮು ಎಳೆದರು. ಕೆಮ್ಮು ಹತ್ತಿಕೊಂಡಿತು. ಕಣ್ಣಲ್ಲಿ ನೀರು. ಬೀಡಿ ಆರಿತು. ಬೆಂಕಿಪೊಟ್ಟಣ ಬೇಡಿದರು, ಯಾರೋ ಕೊಟ್ಟರು. ಮತ್ತೆ ಹಚ್ಚಿದರು, ಮತ್ತೆ ಕೆಮ್ಮು, ಮತ್ತೆ ಆರಿತು. "ಎಳೀರಿ ಸಾಮಿ, ಬುಡ್ಬ್ಯಾಡಿ!" ಎಂದು ಹಿಂದಿನಿಂದ ಒಬ್ಬಳು ಕೂಗಿದಳು. ಕಲ್ಲು ಹಿಡಿದಿದ್ದ ಕೈಗಳು ಒಂದೊಂದಾಗಿ ಸಡಿಲಾದವು, ಏಕೆಂದರೆ ನಗುತ್ತಾ ಕಲ್ಲು ಹಿಡಿದುಕೊಳ್ಳುವುದು ಕಷ್ಟ. ಬೀಡಿ ಕೊಟ್ಟವನೇ ಬಂದು, "ಕೊಡಿ ಇತ್ಲಾಗೆ, ಸುಮ್ಕೆ ಆಳ್ ಮಾಡ್ತಿದ್ದೀರಿ," ಎಂದು ಅದನ್ನು ಕಿತ್ತುಕೊಂಡು ಸೇದುತ್ತಾ ಮನೆಗೆ ಹೋದ. ಅವತ್ತು ಪುಸ್ತಕದಲ್ಲಿ ಏನೂ ಬರೆಯಲಿಲ್ಲ. ನನಗೆ ರಜ ಸಿಕ್ಕಷ್ಟು ಸಂತೋಷವಾಯಿತು.

ಸಂತೆಯ ದಿನಗಳಲ್ಲಿ ಠಾಣೆಗೆ ಒಬ್ಬರು ಖಾಯಂ ನೆಂಟರು. ಕೆ.ಆರ್. ನಗರದ ಕಡೆಯವರು. ಕಾಡಂಚಿನ ಹಾಡಿಗಳಿಂದ ಜನ ತರುತ್ತಿದ್ದ ಸೀಗೇಕಾಯಿ, ಹುಣಸೇಹಣ್ಣು ಕೊಂಡು ತಮ್ಮೂರಲ್ಲಿ ಮಾರುತ್ತಿದ್ದರು. ಯಜಮಾನರು ಎಂದು ಕರೆಯುತ್ತಿದ್ದೆವು. ಇಡೀ ತಾಲ್ಲೂಕಿನಲ್ಲಿ ದಫೇದಾರರನ್ನು ಏಕವಚನದಲ್ಲಿ ಮಾತನಾಡಿಸುತ್ತಿದ್ದ ಒಬ್ಬನೇ ಮನುಷ್ಯ. "ಏನ್ಲಾ, ಇನ್ನೂ ಸತ್ತಿಲ್ವಾ?" ಎಂದುಕೊಂಡೇ ಬರುವರು. ಬೆಂಚಿನ ಮೇಲೆ ಇಬ್ಬರೂ ಕೂತು ಕಾಫಿ ಕುಡಿಯುವರು. ದಫೇದಾರರು ಯಾವಾಗಲೂ ಅವರ ಬಲಗಡೆಯೇ ಕೂರಬೇಕು. ಅಪ್ಪಿತಪ್ಪಿ ನಾವು ಯಾರಾದರೂ ಅಲ್ಲಿ ಕೂತಿದ್ದರೆ ಎಬ್ಬಿಸಿಬಿಡುತ್ತಿದ್ದರು. ದಿಕ್ಕುಗಿಕ್ಕು ನೋಡುತ್ತಾರೇನೋ ಅಂದುಕೊಂಡಿದ್ದೆ. ಯಜಮಾನರಿಗೆ ಎಡಗಿವಿ ಪೂರಾ ಕೇಳುವುದಿಲ್ಲವೆಂದು ನನಗೆ ತಿಳಿಯಲು ಆರು ತಿಂಗಳು ಬೇಕಾಯಿತು. ಅಲ್ಲಿಯವರೆಗೂ ನಾನು ಎಡಗಡೆಯಿಂದ ಮಾಡಿದ ನಮಸ್ಕಾರಗಳೆಲ್ಲ ವ್ಯರ್ಥವಾಗಿದ್ದವು.

ಇನ್ನು ನನ್ನ ನಿಕ್ಕರು. ತಪ್ಪಿಸಿಕೊಳ್ಳಲು ನೋಡುತ್ತಿದ್ದೆ, ಆಗುವುದಿಲ್ಲ.

ಆಗ ಪೇದೆಗಳಿಗೆ ಅರ್ಧ ಚಡ್ಡಿ. ನನಗೆ ಸಿಕ್ಕಿದ್ದು ಯಾರೋ ದಪ್ಪನೆಯವನಿಗೆ ಹೊಲಿದದ್ದು. ಬೆಲ್ಟು ಬಿಗಿದರೆ ಸುತ್ತ ಲಂಗದ ನೆರಿಗೆ ಬೀಳುತ್ತಿತ್ತು. ಮದುವೆಯಾಗಿ ಮೂರು ತಿಂಗಳಾಗಿತ್ತು, ಹೆಂಡತಿ ಇನ್ನೂ ಅದನ್ನು ನೋಡಿ ನಗುವುದನ್ನು ಬಿಟ್ಟಿರಲಿಲ್ಲ. ಹೀಗಿರುವಾಗ ಒಂದು ಬೆಳಿಗ್ಗೆ ಸಂತೆಮಾಳದಲ್ಲಿ ಸೌದೆ ಗಾಡಿಯ ಜಗಳ. ಹೊಗೆಸೊಪ್ಪು ಬೇಯಿಸುವ ಕಾಲ. ಸೊಪ್ಪು ಹದ ಮಾಡುವ ಬ್ಯಾರನ್ನಿಗೆ ಸೌದೆ ಸಿಗುತ್ತಿರಲಿಲ್ಲ. ಒಂದು ಗಾಡಿ ಸೌದೆಗೆ ಇಬ್ಬರು ಬೆಳೆಗಾರರು ಕಿತ್ತಾಡಿ, ಒಬ್ಬ ಗಾಡಿಯ ಮೇಲೆ ಹತ್ತಿ ಮಚ್ಚು ಎತ್ತಿದ್ದ. ದಫೇದಾರರು ಕೋರ್ಟಿಗೆ ಹೋಗಿದ್ದರು. ನಾನು ಓಡಿದೆ.

ಇಳಿ ಎಂದೆ, ಇಳಿಯಲಿಲ್ಲ. ಮಚ್ಚು ಹಿಡಿದ ಮಣಿಕಟ್ಟಿಗೆ ಒಂದು ಏಟು ಹಾಕಿದೆ. ಮಚ್ಚು ಬೀಳಲಿಲ್ಲ. ಇನ್ನೊಂದು ಹಾಕಿದೆ, ಬಿತ್ತು. ಅವನು ಕೈ ಹಿಡಿದುಕೊಂಡು ಗಾಡಿಯ ಮೇಲೇ ಕುಳಿತ. ಕೆಲಸ ಮುಗಿದಿತ್ತು. ಕುಳಿತವನು ನನ್ನನ್ನು ಮೇಲಿಂದ ಕೆಳಗೆ ನೋಡಿ, "ಥೂ, ಯಾರ್ ನಿಕ್ಕರ್ಲಾ ಅದು? ಅದ್ರೊಳಗೆ ಇನ್ನೊಬ್ಬ ಪೋಲೀಸ್ ಇಳೀಬೌದಲ್ಲ!" ಅಂದ. ಸಂತೆಗೆ ಸಂತೆಯೇ ಗೊಳ್ ಎಂದು ನಕ್ಕಿತು. ಮೂರನೆಯ ಏಟು ಅವನ ಬೆನ್ನಿಗೆ ಬಿತ್ತು. ನಗು ಒಮ್ಮೆಗೇ ನಿಂತುಹೋಯಿತು.

ಸಂಜೆ ದಫೇದಾರರು ಬಂದರು. ಪುಸ್ತಕ ಮುಂದಿಟ್ಟರು. ಮೊದಲನೇ ಏಟು, ಮಚ್ಚು ಎತ್ತಿದ್ದ. ಎರಡನೇ ಏಟು, ಮಚ್ಚು ಬಿಡಲಿಲ್ಲ. ಇಷ್ಟು ಸಲೀಸಾಗಿ ಬರೆದೆ. ಮೂರನೆಯದಕ್ಕೆ, "ಆಸಾಮಿ ಅವಮಾನಕರವಾಗಿ ಬೈದ," ಎಂದು ಬರೆಯಲು ಹೊರಟೆ. ಹೆಂಚಿನಂಥ ಅಂಗೈ ಬಂದು ಹಾಳೆಯ ಮೇಲೆ ಕೂತಿತು.

"ಅವನ ಬಾಯಿ ಅವಂದು. ಅವನ ಬಾಯಿಗೆ ಬೇರೆ ಕಾಯಿದೆ ಐತೆ. ಈ ಕಾಲಮ್ಮು ನಿನ್ ಕೈದು. ನಿನ್ ಕೈ ಯಾಕ್ ಎದ್ತು, ಅದ್ನ ಬರಿ."

"ಅವ್ನು ನಿಕ್ಕರ್ ಬಗ್ಗೆ ಅಂದಿದ್ಕೇ ಎದ್ದಿದ್ದು ಸಾರ್."

"ನಿಕ್ಕರ್ನಾಗೆ ಮಚ್ಚಿತ್ತಾ?"

ನಾನು ಪೆನ್ಸಿಲ್ ಕೆಳಗಿಟ್ಟೆ. "ಕಾರಣ ಸಿಕ್ಕ ದಿನ ಬರಿ, ಅಲ್ಲೀಗಂಟ ಖಾಲಿ ಬುಡು," ಎಂದರು. ಅವರ ಕೈಗಳು ಬೆನ್ನ ಹಿಂದಿದ್ದವು.

ಏಟು ತಿಂದವನು ದೂರು ಕೊಟ್ಟ. ವಿಚಾರಣೆಗೆ ಇನ್ಸ್‌ಪೆಕ್ಟರು ಬರುತ್ತಾರೆಂದು ಗೊತ್ತಾಯಿತು. ಕೆಲಸ ಹೋದರೆ ಮಾವನ ಮನೆಗೆ ಯಾವ ಮುಖ ಹೊತ್ತು ಹೋಗಲಿ? ದಫೇದಾರರ ಕಾಲು ಹಿಡಿದೆ. ಒಂದು ಹಾಳೆ ಹರಿದರೆ ಸಾಕು, ಸರ್ಕಾರದ ಡೈರಿಯಲ್ಲಿ ಎರಡೇ ಏಟು ತೋರಿಸಬಹುದು, ನೋಡಿದವರು ಯಾರೂ ಎಣಿಸಿಲ್ಲ ಎಂದು ಅಂಗಲಾಚಿದೆ. ಅವರು ಕಾಲು ಬಿಡಿಸಿಕೊಂಡು, "ನೀನು ಎಣಿಸಿದ್ದೀಯಲ್ಲ," ಎಂದರು. ಅವತ್ತು ನಾನು ಅವರನ್ನು ಮನಸ್ಸಿನಲ್ಲಿ ಬೈದ ಮಾತುಗಳಿಗೆ ಹೋಲಿಸಿದರೆ ನಿಕ್ಕರಿನ ಮಾತು ಆಶೀರ್ವಾದ.

ಇನ್ಸ್‌ಪೆಕ್ಟರು ಕೆಟ್ಟವರಲ್ಲ. ದೂರು ಕೊಟ್ಟವನನ್ನು ಎದುರಿಗೆ ನಿಲ್ಲಿಸಿಕೊಂಡು, ದಫೇದಾರರು ಮುಂದಿಟ್ಟ ಪುಸ್ತಕ ಓದಿ, ಖಾಲಿ ಜಾಗದ ಮೇಲೆ ಬೆರಳಿಟ್ಟು ನನ್ನನ್ನು ನೋಡಿದರು. "ಮೂರನೇದು ಯಾಕೆ? ಅವನು ಮತ್ತೆ ಏಳಕ್ಕೆ ನೋಡಿದ, ಅಲ್ವಾ? ಮಚ್ಚಿಗೆ ಕೈ ಹಾಕಕ್ಕೆ ಹೋದ, ಅಲ್ವಾ?" ಎಂದರು. ಬಾಗಿಲು ತೆರೆದು, ದೀಪ ಹಚ್ಚಿ, ಚಾಪೆ ಹಾಸಿ ಕರೆದ ಹಾಗಿತ್ತು. ಹೂಂ ಎಂದರೆ ಮುಗಿಯಿತು. ನಾನು ದಫೇದಾರರ ಕಡೆ ನೋಡಿದೆ. ಅವರು ಸೂರಿನ ಹೆಂಚು ಎಣಿಸುತ್ತಿದ್ದರು. ಒಂದು ಸನ್ನೆಯಿಲ್ಲ, ಒಂದು ಕೆಮ್ಮಿಲ್ಲ.

"ಇಲ್ಲ ಸಾರ್. ಸುಮ್ಮನೆ ಕೂತಿದ್ದ. ಕಾರಣ ಇಲ್ಲ," ಎಂದೆ. ಯಾಕೆ ಹಾಗೆಂದೆನೋ ನನಗೇ ಗೊತ್ತಿಲ್ಲ. ಧೈರ್ಯದಿಂದಲ್ಲ ಅನ್ನುವುದು ಮಾತ್ರ ಖಂಡಿತ, ನಿಕ್ಕರಿನ ನೆರಿಗೆಯೆಲ್ಲ ಅಲುಗುತ್ತಿತ್ತು.

ಮೊದಲು ಮಾತನಾಡಿದವನು ಏಟು ತಿಂದವನೇ. "ನಿಜ ಹೇಳ್ಬುಟ್ಟ ಸಾಮಿ. ಬುಡಿ ಅತ್ಲಾಗೆ, ನಂಗೆ ಕಂಪ್ಲೇಂಟ್ ಬ್ಯಾಡ. ನಿಕ್ಕರ್ ಒಂದು ಸರಿ ಮಾಡಿಸ್ಕೊಡಿ ಅವ್ನಿಗೆ," ಎಂದು ಹೊರಟ. ಕೆಲಸ ಉಳಿಯಿತು. ಪನಿಷ್‌ಮೆಂಟ್ ಡ್ರಿಲ್ಲು, ಪಿರಿಯಾಪಟ್ಟಣದ ಕಡೆಗೆ ವರ್ಗ, ಅಷ್ಟರಲ್ಲಿ ಮುಗಿಯಿತು. ಪೆಟ್ಟು ಬಿದ್ದದ್ದು ದಫೇದಾರರಿಗೆ. ಇಲಾಖೆಯಲ್ಲಿಲ್ಲದ ಪುಸ್ತಕವೊಂದನ್ನು ಇಟ್ಟುಕೊಂಡದ್ದಕ್ಕೆ ವಿವರಣೆ ಕೇಳಿದರು. ಆ ವರ್ಷ ಬರಬೇಕಿದ್ದ ಬಡ್ತಿ ಬರಲೇ ಇಲ್ಲ. ಪುಸ್ತಕ ನಿಲ್ಲಿಸಿ ಎಂದು ಆರ್ಡರಾದಾಗ, "ಸರ್ಕಾರದ್ದಲ್ಲ ಅಂದ್ಮ್ಯಾಲೆ ನಂದೇ ಆಯ್ತಲ್ಲ ಸಾರ್," ಎಂದು ಬಗಲಲ್ಲಿಟ್ಟುಕೊಂಡು ಮನೆಗೆ ಒಯ್ದರಂತೆ. ದಫೇದಾರರಾಗಿಯೇ ನಿವೃತ್ತರಾದರು.

ಆಮೇಲೆ ಒಂದೇ ಸಲ ಅವರನ್ನು ಕಂಡದ್ದು. ಎಪ್ಪತ್ನಾಲ್ಕರಲ್ಲಿ ಹೊಸ ಕೋಡು ಜಾರಿಗೆ ಬಂದಾಗ ಕೆ.ಆರ್. ನಗರದ ಬಸ್‌ಸ್ಟ್ಯಾಂಡಿನಲ್ಲಿ ಸಿಕ್ಕರು. ಯೋಗಕ್ಷೇಮ ಆಮೇಲೆ. "ಕಟ್ಟೋ ಸೆಕ್ಷನ್ ತೆಗುದ್ಬುಟ್ರಾ?" ಎಂದು ಮೊದಲು ಕೇಳಿದರು. ಇಲ್ಲ ಸಾರ್, ಐವತ್ತಿದ್ದದ್ದು ನಲವತ್ತೊಂಬತ್ತಾಗಿದೆ, ಮಾತು ಅದೇ ಎಂದೆ. "ನಂಬರ್ ಏನಾದ್ರೂ ಆಗ್ಲಿ," ಎಂದು ಬಸ್ಸಿನ ಬಾಗಿಲಲ್ಲಿ ಬಗ್ಗಿ ಒಳಗೆ ಹೋದರು. ನನ್ನ ಪ್ಯಾಂಟಿನ ಕಡೆ ಒಮ್ಮೆ ನೋಡಿ ಮೀಸೆಯೊಳಗೆ ನಕ್ಕದ್ದು ಕಂಡಿತು. ಅಷ್ಟು ಹೊತ್ತಿಗೆ ನಮಗೆ ಪ್ಯಾಂಟು ಬಂದಿತ್ತು.

ಕಂಡಕ್ಟರ್ ಸುದ್ದಿ ಹೇಳಿದ ಮೂರನೆಯ ದಿನ ರಜ ಹಾಕಿ ಅವರ ಹಳ್ಳಿಗೆ ಹೋದೆ. ಜಗಲಿಯ ಮೇಲೆ ಯಜಮಾನರು ಒಬ್ಬರೇ ಕೂತಿದ್ದರು, ತಮ್ಮ ಬಲಗಡೆ ಒಬ್ಬರು ಕೂರುವಷ್ಟು ಜಾಗ ಬಿಟ್ಟುಕೊಂಡು. ನಾನು ಆ ಜಾಗ ಬಿಟ್ಟು ಎದುರಿಗೆ ಕೂತೆ. ದಫೇದಾರರ ಹೆಂಡತಿ ನೀರು ತಂದುಕೊಟ್ಟು, "ಪುಸ್ತಕ ನೋಡಕ್ ಬಂದಿರ್ತೀಯ, ಇರು," ಎಂದು ಒಳಗೆ ಹೋಗಿ ತಂದರು. ಗಂಡನನ್ನು ಜೋರಿನಲ್ಲಿಟ್ಟಿದ್ದ ಹೆಂಗಸು, ಗಂಟಲು ಇನ್ನೂ ಗಟ್ಟಿಯಾಗಿಯೇ ಇತ್ತು.

ಅಂಟಿಕೊಂಡಿದ್ದ ಮೊದಲ ಹಾಳೆ ಬಿಟ್ಟುಕೊಂಡಿತ್ತು.

"ವರ್ಷಕ್ಕೊಂದ್ಸಲ ನೀರು ಹಚ್ಚಿ ಬಿಡ್ಸೋರು ಕಣಪ್ಪ," ಎಂದರು ಆಕೆ. "ಏನೋ ಬರ್ಯೋರು, ಅದ್ರ ಮ್ಯಾಲೆ ಗೆರೆ ಎಳ್ಯೋರು, ಮತ್ತೆ ಅನ್ನ ಇಟ್ಟು ಅಂಟ್ಸೋರು. ಏನದು ಅಂದ್ರೆ ಡ್ಯೂಟಿ ಅನ್ನೋರು. ಈ ಸಲ ಅಂಟ್ಸಕ್ಕೆ ಆಗ್ಲಿಲ್ಲ."

ಅವರದೇ ಕೈಬರಹ. ಕೆ.ಆರ್. ನಗರದ ಕಡೆ ನಾಲೆ ನೀರಿನ ಗಲಾಟೆ. ಅವರಾಗ ಹೊಸ ಪೇದೆ. ಮೊದಲನೇ ಏಟು, ತೊಡೆಗೆ, ಆಸಾಮಿ ತೂಬಿನ ಬಾಗಿಲು ಒಡೆಯುತ್ತಿದ್ದ. ಎರಡನೇ ಏಟು, ತೋಳಿಗೆ, ಹಾರೆ ಬಿಡಲಿಲ್ಲ. ಮೂರನೇ ಏಟು, ಎಡಗಿವಿಗೆ. ಅದರ ಮುಂದೆ ಬೇರೆ ಬೇರೆ ವರ್ಷದ, ಬೇರೆ ಬೇರೆ ಶಾಯಿಯ ಸಾಲುಗಳು, ಒಂದೊಂದರ ಮೇಲೂ ಗೆರೆ. ಜನ ನುಗ್ಗುತ್ತಿದ್ದರು. ಧೂಳಿನಲ್ಲಿ ಕಾಣಲಿಲ್ಲ. ಜೊತೆಯವರೂ ಹೊಡೆಯುತ್ತಿದ್ದರು. ಭಯವಾಗಿತ್ತು. ವಯಸ್ಸು ಚಿಕ್ಕದು. ಕೊನೆಯದು ನಡುಗುವ ಅಕ್ಷರದಲ್ಲಿ, ಕೈಯಲ್ಲಿ ಶಕ್ತಿ ಇತ್ತು. ಅದಕ್ಕೂ ಗೆರೆ.

ನಾನು ತಲೆಯೆತ್ತಿ ಯಜಮಾನರ ಎಡಗಿವಿಯನ್ನು ನೋಡಿದೆ. ಅವರಿಗೆ ಓದು ಬಾರದು. "ಏನ್ ಬರ್ದವ್ನೆ, ಓದು," ಎಂದರು. ಗಟ್ಟಿಯಾಗಿ ಎಲ್ಲವನ್ನೂ ಓದಿದೆ. ಕೇಳಿ ಕೇಳಿ ಅವರು ನಗತೊಡಗಿದರು.

"ದಡ್ ಮುಂಡೇದು! ಇಷ್ಟೆಲ್ಲ ಯಾಕ್ ಬರ್ಯಾಕೋದ? ನನ್ನ ಕೇಳಿದ್ರೆ ನಾನೇ ಹೇಳ್ತಿರ್ನಿಲ್ವಾ? ಎರಡೇಟು ಬಿದ್ಮ್ಯಾಲೆ ನಾನು ಕುಂತ್ಕಂಡಿದ್ದೆ ಕಣಪ್ಪ, ದಿಟ. ಕುಂತ್ಕಂಡೇ ಅವ್ನವ್ವನ್ನ ಇಡ್ಕೊಂಡು ಬೈದೆ. ಯಾವ ಮಗನೂ ಕೇಳಬಾರ್ದು, ಅಂತಾ ಮಾತು."

"ನಮ್ಮತ್ತೇನಾ?" ಎಂದರು ಆಕೆ ಬಾಗಿಲಿಂದ. "ಸರ್ಯಾಗೇ ಬೈದಿದ್ದೀಯ ಬುಡು." ಆದರೆ ಅದು ಅವರ ಎಡಗಿವಿಯ ಕಡೆಯಿಂದ ಬಂದದ್ದರಿಂದ ಯಜಮಾನರಿಗೆ ಕೇಳಿಸಲಿಲ್ಲ.

"ಬರಿಯಪ್ಪ ಈಗ," ಎಂದು ನನ್ನ ಕಡೆ ಬಗ್ಗಿದರು. "ಆಸಾಮಿ ಬೈದ, ಅದ್ಕೇ ಹೊಡ್ದ ಅಂತ ಬರಿ. ನಾನು ಹೆಬ್ಬೆಟ್ ಒತ್ತೀನಿ. ಪಾಪ, ಬೇಕಾಗಿದ್ದು ಅದೊಂದೇ ಸಾಲು. ಸತ್ತೋನ್ ಮ್ಯಾಲೆ ತಪ್ಪು ಯಾಕುಳೀಬೇಕು?"

ಜೇಬಿನಿಂದ ಪೆನ್ನು ತೆಗೆದು ಮುಚ್ಚಳ ಬಿಚ್ಚಿದೆ. ಹಾಳೆಯನ್ನು ಇನ್ನೊಮ್ಮೆ ಮೇಲಿನಿಂದ ಕೆಳಗೆ ಓದಿದೆ. ಬೈದ ಎನ್ನುವ ಮಾತು ಎಲ್ಲಿಯೂ ಇರಲಿಲ್ಲ. ಗೆರೆ ಎಳೆದ ಸಾಲುಗಳಲ್ಲೂ ಇರಲಿಲ್ಲ. ಅಷ್ಟು ವರ್ಷ, ಅಷ್ಟು ಕಾರಣ ಹುಡುಕಿ ಸೋತವರಿಗೆ ಆ ಕಾರಣ ಮೊದಲ ದಿನದಿಂದ ಗೊತ್ತಿತ್ತು. ವಾರಕ್ಕೊಮ್ಮೆ ಆ ಕಾರಣದ ಪಕ್ಕದಲ್ಲೇ ಕೂತು ಕಾಫಿ ಕುಡಿದಿದ್ದರು. ಒಂದು ಸಲವೂ ಬರೆದಿರಲಿಲ್ಲ. ನನಗೆ ಅಳು ಬಂತು, ಸುಳ್ಳು ಯಾಕೆ ಹೇಳಲಿ.

"ಅದೊಂದು ಬರೀಬ್ಯಾಡ ಕಣಪ್ಪ," ಎಂದರು ಆಕೆ ಮೆಲ್ಲಗೆ. "ಅವ್ರು ಎದ್ ಬಂದ್ಬುಟ್ಟಾರು."

ಪೆನ್ನಿನ ಮುಚ್ಚಳ ಹಾಕಿದೆ. "ಏನಂದ್ಲು? ಯಾಕ್ ಬರೀಲಿಲ್ಲ?" ಎಂದು ಯಜಮಾನರು ನನ್ನನ್ನೂ ಆಕೆಯನ್ನೂ ನೋಡುತ್ತಿದ್ದರು. ನಾನು ಎದ್ದು ಹೋಗಿ ಅವರ ಬಲಗಡೆಯ ಖಾಲಿ ಜಾಗದಲ್ಲಿ ಕೂತು, ಆಕೆ ಹೇಳಿದ್ದನ್ನು ಅವರ ಕಿವಿಗೆ ಹೇಳಿದೆ.